ಬಾಗಿಲು ಮರೆತ ನೀಲನಕ್ಷೆ: ರಜೆ ಶಿಬಿರದ ಸಯನೋಟೈಪ್ ಟಿಪ್ಪಣಿ

ರಜೆಯಲ್ಲಿ ಮಕ್ಕಳಿಗೆ ಎರಡು ದಿನದ ಸಯನೋಟೈಪ್ ಶಿಬಿರ ಮಾಡುತ್ತೇನೆ ಅಂತ ಒಪ್ಪಿಕೊಂಡುಬಿಟ್ಟಿದ್ದೆ. ಸಯನೋಟೈಪ್ ಅಂದರೆ ಬೆಳಕಿಗೆ ನೀಲಿಯಾಗುವ ಮದ್ದು ಹಚ್ಚಿದ ಕಾಗದವನ್ನು ಬಿಸಿಲಿಗಿಟ್ಟು, ನೀರಲ್ಲಿ ತೊಳೆದು ನೀಲಿ ಚಿತ್ರ ತೆಗೆಯುವ ವಿಧಾನ. 14 ಮಕ್ಕಳು, 12ರಿಂದ 16 ವರ್ಷದವರು. ಕ್ಯಾಮೆರಾ ಬೇಡ, ಯಂತ್ರ ಬೇಡ, ಬಿಸಿಲು ಮತ್ತು ನೀರಿದ್ದರೆ ಸಾಕು ಅಂತ ಎಲ್ಲರಿಗೂ ಹೇಳಿಕೊಂಡು ತಿರುಗಿದವಳೂ ನಾನೇ. ಅದೇನೂ ಸುಳ್ಳಲ್ಲ. ಆದರೆ ಬಿಸಿಲಿಗೂ ನೀರಿಗೂ ನಡುವೆ ಒಂದು ಗಾಜು, ಒಂದು ಕಾಗದ ಇರುತ್ತವೆ. ನನ್ನನ್ನು ಸತಾಯಿಸಿದ್ದು ಅವೆರಡೇ. ಏನು ಮಾಡಿದೆ, ಎಲ್ಲಿ ಕೆಟ್ಟಿತು, ಹೇಗೆ ಸರಿಹೋಯಿತು ಅಂತ ಆಗಾಗ ಗೀಚಿಟ್ಟಿದ್ದನ್ನು ಸ್ವಲ್ಪ ಒಪ್ಪ ಮಾಡಿ ಇಲ್ಲಿ ಬರೆದಿದ್ದೇನೆ.

ಎರಡು ವಾರ ಮೊದಲು: ಫ್ರೇಮ್

ಮದ್ದು ಹಚ್ಚಿದ ಕಾಗದದ ಮೇಲೆ ಎಲೆ ಇಟ್ಟು, ಮೇಲೊಂದು ಗಾಜು ಹೇರಿ ಬಿಸಿಲಿಗೆ ಇಟ್ಟರೂ ಪ್ರಿಂಟ್ ಬರುತ್ತದೆ. ಆದರೆ ಮಕ್ಕಳು ಇಣುಕದೆ ಬಿಡುವುದಿಲ್ಲ. ನಾನೂ ಬಿಡುವವಳಲ್ಲ. ಗಾಜು ಎತ್ತಿ ಮತ್ತೆ ಇಟ್ಟರೆ ಎಲೆ ಕೂದಲೆಳೆಯಷ್ಟು ಜರುಗಿರುತ್ತದೆ. ಆಮೇಲೆ ಒಂದು ಎಲೆಗೆ ಎರಡು ಅಂಚು. ಹಾಗಾಗಿ ಬೆನ್ನಿನ ಕಡೆಯಿಂದ ಅರ್ಧ ಮಾತ್ರ ತೆರೆಯುವ ಫ್ರೇಮ್ ಬೇಕಿತ್ತು. ಫೋಟೊ ಪ್ರಿಂಟ್ ಮಾಡುವವರು ಬಹಳ ಹಿಂದಿನಿಂದ ಬಳಸುತ್ತಿದ್ದ ಉಪಾಯ ಇದು, ನಾನು ಕಂಡುಹಿಡಿದದ್ದಲ್ಲ.

ಮುಂದೆ 4 ಮಿಮೀ ದಪ್ಪದ ಗಾಜು, 8 ಇಂಚಿಗೆ 10 ಇಂಚು. ಹಿಂದೆ ಅದೇ ಅಳತೆಯ 6 ಮಿಮೀ ಪ್ಲೈವುಡ್. ಪ್ಲೈವುಡ್ಡನ್ನು ಅಡ್ಡಕ್ಕೆ ಎರಡು ತುಂಡು ಮಾಡಿ, ಹೊರಗಡೆಯಿಂದ ಬಟ್ಟೆಯ ಟೇಪ್ ಅಂಟಿಸಿದೆ. ಅದೇ ಕೀಲು. ಒಳಗಡೆ 3 ಮಿಮೀ ಫೋಮ್ ಶೀಟ್, ಅದೂ ಎರಡು ತುಂಡು. ಫೋಮ್ ಇಲ್ಲದಿದ್ದರೆ ದಪ್ಪ ಕಾಂಡ ಇರುವ ಕಡೆ ಕಾಗದ ಗಾಜಿಗೆ ತಾಗುವುದಿಲ್ಲ, ಅಂಚು ಮಸುಕಾಗುತ್ತದೆ. ಎರಡೂ ಅರ್ಧಕ್ಕೆ ಎರಡೆರಡು ದೊಡ್ಡ ಬೈಂಡರ್ ಕ್ಲಿಪ್. ಇಣುಕಬೇಕು ಅನ್ನಿಸಿದಾಗ ಒಂದು ಕಡೆಯ ಕ್ಲಿಪ್ ತೆಗೆದು, ನೆರಳಿಗೆ ಹೋಗಿ, ಆ ಅರ್ಧವನ್ನು ಮಡಚಿ ಕಾಗದದ ಮೂಲೆ ಎತ್ತಿ ನೋಡುವುದು. ಇನ್ನೊಂದು ಅರ್ಧ ಎಲ್ಲವನ್ನೂ ಬಿಗಿಯಾಗಿ ಹಿಡಿದುಕೊಂಡಿರುತ್ತದೆ.

ಕ್ಲಿಪ್ಪಿನ ನೆರಳು ಪ್ರಿಂಟಿನಲ್ಲಿ ಬಿಳಿ ಹಲ್ಲಿನ ಹಾಗೆ ಬರುತ್ತದೆ. ಕಾಗದ ಎ5 ಅಳತೆಯದು, ಗಾಜು ಅದಕ್ಕಿಂತ ದೊಡ್ಡದು, ಸುತ್ತ ಜಾಗ ಬಿಟ್ಟಿದ್ದರಿಂದ ಬಚಾವ್.

ಗಾಜಿನ ಅಂಚನ್ನು ಉಜ್ಜುವ ಕೆಲಸ ಮಾತ್ರ ಯಾರಿಗೂ ಬೇಡ. ಎಮರಿ ಪೇಪರನ್ನು ನೀರಲ್ಲಿ ನೆನೆಸಿಕೊಂಡು, ನಾಲ್ಕೂ ಅಂಚನ್ನು ಬೆರಳಾಡಿಸಿದರೆ ತರಚದಷ್ಟು ಉಜ್ಜಬೇಕು. ಒಣಗಿದ ಗಾಜನ್ನು ಉಜ್ಜಬಾರದು, ಅದರ ಪುಡಿ ಉಸಿರಿಗೆ ಹೋಗುತ್ತದೆ. ಆಮೇಲೆ ಅಂಚಿಗೆಲ್ಲ ಟೇಪ್. ಒಂದು ಗಾಜಿಗೆ ಅರ್ಧ ಗಂಟೆ ಹಿಡಿಯಿತು. ಏಳು ಗಾಜು ಮುಗಿಸುವಷ್ಟರಲ್ಲಿ ನನಗೆ ಸಾಕಾಯಿತು. ಉಳಿದ ಏಳನ್ನು ಮನೆಯಲ್ಲಿ ಬಿದ್ದಿದ್ದ ಹಳೆಯ ಫೋಟೊ ಫ್ರೇಮ್‌ಗಳಿಂದ ಬಿಚ್ಚಿಕೊಂಡೆ. ಅಂಚು ಆಗಲೇ ನುಣ್ಣಗಿತ್ತು. ಖುಷಿಯಾಯಿತು. ಆ ಖುಷಿ ಒಂದು ವಾರ ಇತ್ತು.

ಒಂದು ವಾರ ಮೊದಲು: ಮದ್ದು ಮತ್ತು ಪರೀಕ್ಷೆ

ಎರಡೇ ಪುಡಿ. ಹಸಿರು ಬಣ್ಣದ ಫೆರಿಕ್ ಅಮೋನಿಯಂ ಸಿಟ್ರೇಟ್ 25 ಗ್ರಾಂ, 100 ಮಿಲಿ ನೀರಿಗೆ. ಕೆಂಪು ಹರಳಿನ ಪೊಟ್ಯಾಸಿಯಂ ಫೆರಿಸಯನೈಡ್ 10 ಗ್ರಾಂ, ಇನ್ನೊಂದು 100 ಮಿಲಿ ನೀರಿಗೆ. ಡಿಸ್ಟಿಲ್ಡ್ ನೀರು, ಎರಡು ಕಂದು ಬಾಟಲಿ. ಹಚ್ಚುವ ಹೊತ್ತಿಗೆ ಎರಡನ್ನೂ ಸಮಸಮ ಬೆರೆಸುವುದು. ಎ5 ಹಾಳೆಗೆ ಒಂದೂವರೆ ಮಿಲಿ ಸಾಕು, ಹಾಗಾಗಿ ಈ 200 ಮಿಲಿ ನೂರಕ್ಕಿಂತ ಜಾಸ್ತಿ ಹಾಳೆಗೆ ಬರುತ್ತದೆ. ಪುಡಿ ತೂಗುವ ಕೆಲಸವನ್ನು ನಾನೇ ಮಾಸ್ಕ್, ಗ್ಲೌಸ್ ಹಾಕಿಕೊಂಡು ಮನೆಯಲ್ಲಿ ಮುಗಿಸಿದೆ. ಮಕ್ಕಳ ಕೈಗೆ ದ್ರಾವಣ ಮಾತ್ರ, ಅದೂ ಗ್ಲೌಸ್ ಹಾಕಿಕೊಂಡು. ಹಸಿರು ಪುಡಿಯ ದ್ರಾವಣಕ್ಕೆ ಬೂಷ್ಟು ಹಿಡಿಯುವ ಚಾಳಿ ಇದೆ, ತುಂಬ ಮೊದಲೇ ಮಾಡಿಡಬೇಡಿ.

ಲೋಹದ ಪಟ್ಟಿ ಇರುವ ಬ್ರಷ್ ಬೇಡ. ಕಬ್ಬಿಣ ತಾಗಿದ ಕಡೆ ನೀಲಿ ಚುಕ್ಕೆ ಏಳುತ್ತದೆ. ಸ್ಪಾಂಜ್ ಬ್ರಷ್ ತಂದೆ.

ಆಗುವುದು ಇಷ್ಟೇ. ಬಿಸಿಲಿನಲ್ಲಿರುವ ಅತಿನೇರಳೆ ಕಿರಣ ಸಿಟ್ರೇಟಿನೊಳಗಿನ ಕಬ್ಬಿಣದ ಸ್ವಭಾವ ಬದಲಿಸುತ್ತದೆ. ಬದಲಾದ ಕಬ್ಬಿಣ ಫೆರಿಸಯನೈಡಿನ ಜೊತೆ ಸೇರಿ ನೀರಲ್ಲಿ ಕರಗದ ನೀಲಿಯಾಗುತ್ತದೆ. ಅದರ ಹೆಸರು ಪ್ರಷ್ಯನ್ ನೀಲಿ. ನೆರಳು ಬಿದ್ದ ಕಡೆ ಏನೂ ಆಗಿರುವುದಿಲ್ಲ, ಮದ್ದು ನೀರಲ್ಲಿ ತೊಳೆದುಹೋಗುತ್ತದೆ. ಬೆಳಕು ಬಿದ್ದಲ್ಲಿ ನೀಲಿ, ನೆರಳಲ್ಲಿ ಬಿಳಿ.

ಎಷ್ಟು ಹೊತ್ತು ಬಿಸಿಲು ಬೇಕು ಅಂತ ತಿಳಿಯಲು ಪಟ್ಟಿ ಪರೀಕ್ಷೆ ಮಾಡಿದೆ. ಮದ್ದು ಹಚ್ಚಿದ ಉದ್ದನೆ ಪಟ್ಟಿಯನ್ನು ಗಾಜಿನ ಕೆಳಗಿಟ್ಟು, ಮೂರು ಮೂರು ನಿಮಿಷಕ್ಕೆ ಒಂದೊಂದು ಭಾಗ ರಟ್ಟಿನಿಂದ ಮುಚ್ಚುತ್ತಾ ಹೋಗುವುದು. 3, 6, 9, 12, 15 ನಿಮಿಷದ ಐದು ಮೆಟ್ಟಿಲು ಸಿಗುತ್ತದೆ. ಮೊದಲ ಫ್ರೇಮಿನಲ್ಲಿ 9 ನಿಮಿಷಕ್ಕೆ ಒಳ್ಳೆ ನೀಲಿ. ಸುಮ್ನೆ ಇರಲಿ ಅಂತ ಇನ್ನೊಂದು ಫ್ರೇಮಿನಲ್ಲೂ ಮಾಡಿದೆ. ತೊಳೆದಾಗ ಪಟ್ಟಿ ಪೂರ್ತಿ ಬೆಳ್ಳಗೆ. 15 ನಿಮಿಷದ ಕಡೆ ಮಾತ್ರ ನೀಲಿಯ ಸುಳಿವು.

ಮದ್ದು ಸರಿಯಾಗಿ ಬೆರೆಸಲಿಲ್ಲವೇನೋ ಅಂದುಕೊಂಡೆ. ಬೆರೆಸಿ ಮತ್ತೆ ಮಾಡಿದೆ. ಮತ್ತೆ ಬೆಳ್ಳಗೆ. ಕಾಗದ ತಿರುವುಮುರುವಾಗಿದೆಯೇನೋ ಅಂತ ನೋಡಿದೆ. ಅದೂ ಅಲ್ಲ. ಅರ್ಧ ದಿನ ಹೋದಮೇಲೆ ಎರಡೂ ಫ್ರೇಮನ್ನು ಅಕ್ಕಪಕ್ಕ ಹಿಡಿದುಕೊಂಡಾಗ ಒಂದು ಹಗುರ ಅನ್ನಿಸಿತು. ಉಗುರಿನಿಂದ ತಟ್ಟಿದೆ. ಒಂದು ಟಿಣ್ ಅಂದಿತು, ಇನ್ನೊಂದು ಟಪ್ ಅಂದಿತು.

ಅದು ಗಾಜೇ ಅಲ್ಲ, ಅಕ್ರಿಲಿಕ್ ಅನ್ನುವ ಪ್ಲಾಸ್ಟಿಕ್ ಹಾಳೆ. ಒಳಗಿನ ಚಿತ್ರ ಮಾಸದಿರಲಿ ಅಂತ ಅತಿನೇರಳೆ ಕಿರಣ ತಡೆಯುವ ಹಾಗೆ ಮಾಡಿದ್ದು. ಯಾರದೋ ಫೋಟೊವನ್ನು ಕಾಪಾಡಿಕೊಂಡು ಬಂದ ಹಾಳೆ, ನನ್ನ ಪ್ರಿಂಟನ್ನು ಹುಟ್ಟುವುದಕ್ಕೇ ಬಿಡಲಿಲ್ಲ. ಅಕ್ರಿಲಿಕ್ ಎಲ್ಲ ಹೀಗಲ್ಲ. ಕಣ್ಣಿಗಂತೂ ಎಲ್ಲವೂ ಒಂದೇ ಥರ ತಿಳಿಯಾಗಿ ಕಾಣುತ್ತವೆ, ಅದೇ ತೊಂದರೆ. ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇಟ್ಟು ಮಾಡಿದ ಲ್ಯಾಮಿನೇಟೆಡ್ ಗಾಜು ಕೂಡ ಈ ಕಿರಣವನ್ನು ತಡೆಯುತ್ತದೆ. ಸಾದಾ ಕಿಟಕಿ ಗಾಜು ಸಾಕಷ್ಟು ಬಿಡುತ್ತದೆ.

ಉಳಿದವನ್ನು ಒಂದೊಂದೇ ಬಿಸಿಲಿಗಿಟ್ಟು ನೋಡುವ ತಾಳ್ಮೆ ಇರಲಿಲ್ಲ. 365 ನ್ಯಾನೋಮೀಟರಿನ ಅತಿನೇರಳೆ ಟಾರ್ಚ್ ಇತ್ತು. ಸಾದಾ ಬಿಳಿ ಪ್ರಿಂಟರ್ ಕಾಗದದ ಮೇಲೆ ಅದನ್ನು ಬಿಟ್ಟರೆ ಕಾಗದ ನೀಲಿಯಾಗಿ ಹೊಳೆಯುತ್ತದೆ. ನಡುವೆ ಗಾಜು ಹಿಡಿದೆ, ಹೊಳಪು ಹಾಗೇ ಇತ್ತು. ಅಕ್ರಿಲಿಕ್ ಹಿಡಿದೆ, ಹೊಳಪು ಸತ್ತೇ ಹೋಯಿತು. ಏಳರಲ್ಲಿ ಮೂರು ಹೀಗೆ ಸಿಕ್ಕಿಬಿದ್ದವು. ಮೂರು ಹೊಸ ಗಾಜು ತಂದು, ಮತ್ತೆ ಎಮರಿ ಪೇಪರ್ ಹಿಡಿದು ಕೂತೆ. ಟಾರ್ಚನ್ನು ಯಾರ ಕಣ್ಣಿಗೂ ಬಿಡಬೇಡಿ, ನಿಮ್ಮದಕ್ಕೂ.

ಮೊದಲ ದಿನ

ಕೋಣೆಯ ಕಿಟಕಿಗೆ ದಪ್ಪ ಪರದೆ, ಒಳಗೆ ಒಂದು ಹಳದಿ ಬಲ್ಬು. ಫೋಟೊ ಫಿಲ್ಮಿನ ಹಾಗೆ ಗವ್ವೆನ್ನುವ ಕತ್ತಲು ಬೇಕಿಲ್ಲ. ಬಿಸಿಲಿನ ಬೆಳಕು ಒಳಗೆ ಬರಬಾರದು, ಅಷ್ಟೆ.

ಬಾಟಲಿಯ ಮೇಲಿನ ಚೀಟಿ ಓದಿ ಒಬ್ಬ ಹುಡುಗ ಎರಡು ಹೆಜ್ಜೆ ಹಿಂದೆ ಸರಿದ. "ಅಕ್ಕ, ಇದರಲ್ಲಿ ಸಯನೈಡ್ ಅಂತ ಬರೆದಿದೆ!"

ಈ ಪ್ರಶ್ನೆ ಬಂದೇ ಬರುತ್ತದೆ ಅಂತ ಗೊತ್ತಿತ್ತು, ಬರಲೂಬೇಕು. ಫೆರಿಸಯನೈಡಿನಲ್ಲಿ ಸಯನೈಡ್ ಕಬ್ಬಿಣವನ್ನು ಬಿಗಿಯಾಗಿ ಕಚ್ಚಿಕೊಂಡಿರುತ್ತದೆ, ನಾವು ಮಾಡುವ ಕೆಲಸದಲ್ಲಿ ಬಿಡಿಸಿಕೊಂಡು ಹೊರಬರುವುದಿಲ್ಲ ಅಂತ ಹೇಳಿದೆ. ಕಾಯಿಸಬಾರದು, ಗಟ್ಟಿ ಆಸಿಡ್ ಬೆರೆಸಬಾರದು, ಬೆರೆಸಿದರೆ ವಿಷದ ಗಾಳಿ ಬರುತ್ತದೆ ಅಂತಲೂ ಮುಚ್ಚಿಡದೆ ಹೇಳಿದೆ. ಆಮೇಲೆ ನನಗಿಷ್ಟವಾದ ಕಥೆ. 1706ರ ಸುಮಾರಿಗೆ ಬರ್ಲಿನ್‌ನಲ್ಲಿ ಬಣ್ಣ ಮಾಡುವವರ ಕೈಯಲ್ಲಿ ಅಚಾನಕ್ಕಾಗಿ ಈ ನೀಲಿ ಹುಟ್ಟಿತು. 1782ರಲ್ಲಿ ಷೀಲೆ ಅನ್ನುವ ವಿಜ್ಞಾನಿ ಅದೇ ನೀಲಿಯಿಂದ ಒಂದು ವಿಷವನ್ನು ಬೇರ್ಪಡಿಸಿದ. ಕಡುನೀಲಿಗೆ ಗ್ರೀಕಿನಲ್ಲಿ ಕ್ಯಾನೋಸ್ ಅನ್ನುತ್ತಾರೆ, ಸಯನೈಡ್ ಅನ್ನುವ ಹೆಸರು ಅಲ್ಲಿಂದ ಬಂತು. ಅಂದರೆ ವಿಷಕ್ಕೆ ಹೆಸರು ಕೊಟ್ಟಿದ್ದು ಬಣ್ಣ.

"ಹಾಗಾದ್ರೆ ಈ ನೀಲಿ ವಿಷಾನಾ?"

"ಇಲ್ಲ ಕಣೋ. ಥ್ಯಾಲಿಯಂ ಅನ್ನೋ ವಿಷ ಮೈಗೆ ಹೋದವರಿಗೆ ಈ ನೀಲಿಯನ್ನೇ ಔಷಧಿಯಾಗಿ ಕೊಡ್ತಾರೆ."

ಹುಡುಗ ಮುಂದೆ ಬಂದ. ಗ್ಲೌಸ್ ಮಾತ್ರ ಇಡೀ ದಿನ ಬಿಚ್ಚಲಿಲ್ಲ.

ಹಚ್ಚುವುದು ನೋಡುವುದಕ್ಕೆ ಸುಲಭ. ಉದ್ದಕ್ಕೆ ಒಂದು ಸಲ, ಅಡ್ಡಕ್ಕೆ ಒಂದು ಸಲ, ಕಾಗದದ ಮೇಲೆ ಕೊಳ ನಿಲ್ಲಬಾರದು. ಎಲ್ಲರೂ ಜಾಸ್ತಿ ಹಾಕಿದರು. ಜಾಸ್ತಿ ಹಾಕಿದರೆ ಜಾಸ್ತಿ ನೀಲಿ ಬರುವುದಿಲ್ಲ, ಮೇಲಿನ ಪದರ ನೀರಲ್ಲಿ ಕಿತ್ತುಕೊಂಡು ಹೋಗುತ್ತದೆ. ಪೂರ್ತಿ ಒಣಗುವವರೆಗೆ ಕಾಯಬೇಕು, ಹಸಿ ಇದ್ದರೆ ಗಾಜಿಗೆ ಅಂಟುತ್ತದೆ. ಇಬ್ಬರದು ಅಂಟಿತು.

ಕಾಯುವ ಹೊತ್ತಿಗೆ ಅನ್ನಾ ಆಟ್ಕಿನ್ಸ್ ಬಗ್ಗೆ ಹೇಳಿದೆ. ಜಾನ್ ಹರ್ಷೆಲ್ ಈ ವಿಧಾನ ಕಂಡುಹಿಡಿದದ್ದು 1842ರಲ್ಲಿ. ಮರುವರ್ಷವೇ ಆಟ್ಕಿನ್ಸ್ ಇಂಗ್ಲೆಂಡಿನಲ್ಲಿ ಸಮುದ್ರದ ಪಾಚಿಯನ್ನು ಹೀಗೆ ಪ್ರಿಂಟ್ ಮಾಡಿ ಪುಸ್ತಕ ಕಟ್ಟಲು ಶುರುಮಾಡಿದರು. ಹತ್ತು ವರ್ಷ ಅದೇ ಕೆಲಸ. ಗಿಡದ ಹೆಸರನ್ನು ಕೂಡ ಅವರು ಕೈಯಲ್ಲಿ ಬರೆದು, ಆ ಬರಹವನ್ನೇ ಬಿಸಿಲಿಗೆ ಹಿಡಿದು ಪ್ರಿಂಟ್ ಮಾಡಿದರು. ಮಕ್ಕಳಿಗೆ ಹಿಡಿಸಿದ್ದು ಈ ಕೊನೆಯ ಮಾತು. ಟ್ರೇಸಿಂಗ್ ಪೇಪರಿನ ಚಿಕ್ಕ ಚೂರುಗಳಲ್ಲಿ ಕಪ್ಪು ಮಾರ್ಕರಿನಿಂದ ತಮ್ಮ ಹೆಸರು ಬರೆದು ಎಲೆಯ ಪಕ್ಕ ಇಟ್ಟರು. ಕನ್ನಡದ ಗುಂಡಗಿನ ಅಕ್ಷರಗಳು ನೀಲಿಯೊಳಗೆ ಬೆಳ್ಳಗೆ ಬಂದಾಗ ಎಲೆಗಿಂತ ಚೆನ್ನಾಗಿ ಕಂಡವು.

ಎಲೆಗಳನ್ನು ಹಿಂದಿನ ರಾತ್ರಿ ದಪ್ಪ ಪುಸ್ತಕದಲ್ಲಿ ಒತ್ತಿಟ್ಟಿದ್ದೆ. ಜರಿಗಿಡದ ಎಲೆಗೆ ಸಾಟಿಯಿಲ್ಲ. ತೆಳ್ಳಗಿನ ದಳಗಳಲ್ಲಿ ಬೆಳಕು ಅರ್ಧಂಬರ್ಧ ತೂರಿ ನರನರವೂ ಮೂಡುತ್ತದೆ. ದಪ್ಪ ಎಲೆ ಬರೀ ಬಿಳಿ ಮಚ್ಚೆ.

ಗಡಿಯಾರ ನೋಡಿಕೊಂಡು 9 ನಿಮಿಷ ಅಂತ ಹೇಳಿಟ್ಟಿದ್ದೆ. ನಾಲ್ಕನೇ ನಿಮಿಷಕ್ಕೆ ಮೋಡ ಬಂತು. ಗಡಿಯಾರ ಅಲ್ಲಿಗೆ ಕೆಲಸಕ್ಕೆ ಬಾರದ್ದಾಯಿತು. ಆಮೇಲೆ ಬಣ್ಣವನ್ನೇ ನೋಡಿ ಅಂದೆ. ಹಚ್ಚಿದಾಗ ಹಳದಿ ಹಸಿರು ಇರುತ್ತದೆ. ಬಿಸಿಲಲ್ಲಿ ಮೊದಲು ಹಸಿರು ನೀಲಿ, ಆಮೇಲೆ ಗಾಢ ನೀಲಿ. "ಆಯ್ತು, ನೀಲಿ ಬಂತು" ಅಂತ ಎಲ್ಲರೂ ಇಲ್ಲೇ ತೆಗೆಯುತ್ತಾರೆ, ನೀರಿಗೆ ಹಾಕಿದರೆ ಅರ್ಧ ಹೊರಟುಹೋಗುತ್ತದೆ. ಇನ್ನೂ ಬಿಡಬೇಕು. ನೀಲಿ ತಿರುಗಿಬಿದ್ದು, ಒಲೆಯ ಬೂದಿಯ ಹಾಗೆ ಮಂಕಾಗಿ, ಸ್ವಲ್ಪ ಲೋಹದ ಛಾಯೆ ಬರುತ್ತದೆ. ಕೆಟ್ಟೇಹೋಯಿತು ಅನ್ನಿಸಿದಾಗ ಸರಿಯಾಗಿದೆ ಅಂತ ಲೆಕ್ಕ. ಅರ್ಧ ತೆರೆಯುವ ಬೆನ್ನು ಕೆಲಸಕ್ಕೆ ಬಂದದ್ದು ಇಲ್ಲೇ. ಮೋಡದಲ್ಲಿ ಕೆಲವರಿಗೆ 20 ನಿಮಿಷ ಬೇಕಾಯಿತು.

ತೊಳೆಯಲು ಎರಡು ಟಬ್. ಮೊದಲನೆಯದರಲ್ಲಿ ನೀರಿಗೆ ಒಂದು ಚಿಟಿಕೆ ಸಿಟ್ರಿಕ್ ಆಸಿಡ್, ತೆಳು ನೀಲಿ ಉಳಿದುಕೊಳ್ಳಲಿ ಅಂತ. ಹಳದಿ ನೀರು ಇಳಿಯುತ್ತಾ ಇಳಿಯುತ್ತಾ ಎಲೆಯ ಜಾಗ ಬೆಳ್ಳಗಾಗುತ್ತದೆ. ಹಳದಿ ಪೂರ್ತಿ ಹೋಗುವವರೆಗೆ ತೊಳೆಯಬೇಕು, ಉಳಿದರೆ ಆಮೇಲೆ ಅದೂ ನೀಲಿಯಾಗುತ್ತದೆ. ಕೊನೆಗೆ ಇನ್ನೊಂದು ಟಬ್ಬಿಗೆ 3% ಹೈಡ್ರೋಜನ್ ಪೆರಾಕ್ಸೈಡ್ ಒಂದು ಮುಚ್ಚಳದಷ್ಟು ಹಾಕಿದೆ. ಮಂಕಾಗಿದ್ದ ನೀಲಿ ಕಣ್ಣೆದುರೇ ಕಡುನೀಲಿಯಾಯಿತು. ಕೋಣೆಯಲ್ಲಿ ಹೋ ಅಂತ ಕೂಗು. ನಿಜ ಹೇಳಬೇಕೆಂದರೆ ಪೆರಾಕ್ಸೈಡ್ ಇಲ್ಲದಿದ್ದರೂ ಗಾಳಿಗೆ ಒಂದು ದಿನ ಬಿಟ್ಟರೆ ಅದೇ ನೀಲಿ ಬರುತ್ತದೆ. ಆದರೆ ಆ ಕೂಗು ಬರುವುದಿಲ್ಲ.

ಮಧ್ಯಾಹ್ನದ ಮೇಲೆ ಪ್ರಿಂಟುಗಳು ಒಂದೊಂದಾಗಿ ಸೊರಗತೊಡಗಿದವು. ಬೂದಿ ಬಣ್ಣ ಬರುವವರೆಗೂ ಬಿಟ್ಟಿದ್ದಾರೆ, ಗಾಜು ಬೆಳಗಿನದೇ, ಮದ್ದೂ ಅದೇ. ತೊಳೆದರೆ ಮಾತ್ರ ಒಗೆದೊಗೆದು ಮಾಸಿದ ಬಟ್ಟೆಯ ಹಾಗೆ ಮಸುಕು. ನಾನು ಬಿಸಿಲನ್ನು ಬೈಯುತ್ತಿದ್ದೆ. ಕನ್ನಡಕದ ಹುಡುಗಿಯೊಬ್ಬಳು ಹಗ್ಗಕ್ಕೆ ನೇತುಹಾಕಿದ್ದ ಪ್ರಿಂಟುಗಳ ಬೆನ್ನನ್ನು ಮುಟ್ಟಿ ಮುಟ್ಟಿ ನೋಡಿ ಬಂದಳು. "ಅಕ್ಕ, ಚೆನ್ನಾಗಿ ಬಂದಿರೋದೆಲ್ಲ ಒರಟು ಕಾಗದ. ಮಸುಕಾಗಿರೋದೆಲ್ಲ ನುಣುಪಿಂದು. ಎರಡನೇ ಕಟ್ಟು ಒಡೆದ ಮೇಲೆ ಅಲ್ವಾ?"

ಹೌದು. ಮೊದಲ ಕಟ್ಟು ಹತ್ತಿಯ ಜಲವರ್ಣ ಕಾಗದ, 300 ಜಿಎಸ್ಎಂ. ಸಾಲದೆ ಬಂದರೆ ಇರಲಿ ಅಂತ ತಂದಿದ್ದ ಎರಡನೇ ಕಟ್ಟು ಬೇರೆ ಥರದ್ದು. ಕಾಗದ ಬೇಗ ಹಳದಿಯಾಗದಿರಲಿ ಅಂತ ಕೆಲವಕ್ಕೆ ಕ್ಯಾಲ್ಸಿಯಂ ಕಾರ್ಬೊನೇಟ್ ಸೇರಿಸುತ್ತಾರೆ, ಅಂದರೆ ಸುಣ್ಣದಕಲ್ಲಿನ ಪುಡಿ. ಅದು ಕ್ಷಾರ. ಪ್ರಷ್ಯನ್ ನೀಲಿಗೆ ಹುಳಿ ಸ್ವಲ್ಪ ಇದ್ದರೆ ನಡೆಯುತ್ತದೆ, ಕ್ಷಾರ ಕಂಡರಾಗದು. ಮತ್ತೆ ಅದೇ ಕಥೆ ನೋಡಿ: ಚಿತ್ರವನ್ನು ಕಾಪಾಡಲು ಮಾಡಿದ್ದೇ ನಮ್ಮ ಚಿತ್ರಕ್ಕೆ ಮುಳುವಾಯಿತು.

ಆ ರಾತ್ರಿ ಉಳಿದ 30 ಹಾಳೆಯನ್ನು ಸಿಟ್ರಿಕ್ ಆಸಿಡ್ ನೀರಲ್ಲಿ ನೆನೆಹಾಕಿದೆ. ಹಾಳೆಯ ಮೈಮೇಲೆ ಸಾಸಿವೆಗಿಂತ ಚಿಕ್ಕ ಗುಳ್ಳೆಗಳು ಎದ್ದವು. ಸುಣ್ಣವೇ ಅಂತ ಖಾತ್ರಿಯಾಯಿತು. ಗುಳ್ಳೆ ನಿಂತಮೇಲೆ ತೊಳೆದು ಹಗ್ಗಕ್ಕೆ ಹಾಕಿದೆ. ಬೆಳಿಗ್ಗೆ ಪರೀಕ್ಷೆಯ ಪಟ್ಟಿಯಲ್ಲಿ ನೀಲಿ ನಿಂತಿತು. ಹತ್ತಿ ಕಾಗದದಷ್ಟು ಆಳ ಇಲ್ಲ, ಆದರೂ ಮರ್ಯಾದೆ ಉಳಿಯಿತು.

ಎರಡನೇ ದಿನ

ಟ್ರೇಸಿಂಗ್ ಪೇಪರಿನ ಮೇಲೆ ಚಿತ್ರ ಬರೆದು ಅದನ್ನೇ ನೆಗೆಟಿವ್ ಥರ ಬಳಸುವ ದಿನ. ಶುರುವಿನಲ್ಲೇ ಕೇಳಿದೆ, "ಯೋಜನೆಗೆ ನೀಲನಕ್ಷೆ ಸಿದ್ಧ ಅಂತ ಪೇಪರಲ್ಲಿ ಓದಿರ್ತೀರಲ್ಲ, ಅದು ಯಾಕೆ ನೀಲಿ?" ಯಾರಿಗೂ ಗೊತ್ತಿಲ್ಲ. ನೀಲ ಅಂದರೆ ದೊಡ್ಡದು ಅಂತ ಒಬ್ಬ ಧೈರ್ಯವಾಗಿ ಹೇಳಿದ.

ಕಟ್ಟಡದ, ಯಂತ್ರದ ನಕ್ಷೆಗಳ ಪ್ರತಿ ತೆಗೆಯಲು 1870ರ ದಶಕದಿಂದ ಎಂಜಿನಿಯರುಗಳು ಬಳಸುತ್ತಿದ್ದದ್ದು ಇದೇ ಸಯನೋಟೈಪ್. ಮೂಲ ನಕ್ಷೆಯ ಕಪ್ಪು ಗೆರೆ ಬೆಳಕನ್ನು ತಡೆಯುತ್ತದೆ, ಪ್ರತಿಯಲ್ಲಿ ನೀಲಿಯ ಮೇಲೆ ಬಿಳಿ ಗೆರೆ. ಆ ಕಾಗದ ಹೋಗಿ ಎಷ್ಟೋ ಕಾಲವಾಯಿತು, ಮಾತು ಮಾತ್ರ ಇವತ್ತಿಗೂ ನಮ್ಮ ಬಾಯಲ್ಲಿದೆ.

ಇಷ್ಟು ಕೇಳಿದ್ದೇ ತಡ, ಹಿಂದಿನ ದಿನವೆಲ್ಲ ಮಾತೇ ಆಡದ ಹುಡುಗನೊಬ್ಬ ಸ್ಕೇಲ್ ಕೇಳಿದ. ಮನೆಯ ನಕ್ಷೆ ಬರೆಯುತ್ತಾನಂತೆ. ನಾಲ್ಕು ಕೋಣೆ, ಮಾಳಿಗೆಗೆ ಮೆಟ್ಟಿಲು, ಪ್ರತಿ ಕೋಣೆಗೂ ಕಿಟಕಿ, ಮೂಲೆಯಲ್ಲಿ ನಾಯಿಗೊಂದು ಕೋಣೆ. ಪ್ರತಿ ಗೆರೆಯನ್ನೂ ಎರಡೆರಡು ಸಲ ತಿದ್ದಿದ, ಬೆಳಕು ತೂರಬಾರದು ಅಂತ. ಹತ್ತಿ ಕಾಗದ ಒಂದೇ ಉಳಿದಿತ್ತು, ಅದನ್ನು ಅವನಿಗೆ ಕೊಟ್ಟೆ. ಎರಡು ದಿನದಲ್ಲಿ ಬಂದ ಅತ್ಯುತ್ತಮ ಪ್ರಿಂಟ್ ಅದು. ಹಗ್ಗಕ್ಕೆ ಹಾಕಿದಾಗ ಎಲ್ಲರೂ ಸುತ್ತ ನಿಂತರು.

ಕನ್ನಡಕದ ಹುಡುಗಿ ತಲೆ ಓರೆ ಮಾಡಿ ನೋಡಿದಳು. "ಒಳಗೆ ಹೋಗೋದು ಹೆಂಗೋ? ಮನೆಗೆ ಬಾಗಿಲೇ ಇಲ್ವಲ್ಲ!"

ಅವನು ನೋಡಿದ. ಮತ್ತೆ ನೋಡಿದ. "ನಾಯಿ ಕೋಣೆಗೆ ಇದೆ," ಅಂದ ಸಣ್ಣ ದನಿಯಲ್ಲಿ.

ಪ್ರಿಂಟುಗಳ ಹಿಂದೆ ಅಂಟಿಸಲು ನಾನಾಗಲೇ ಚೀಟಿ ಬರೆದಿಟ್ಟಿದ್ದೆ. ಸೋಪು, ಸೋಡಾ ತಾಗಿಸಬೇಡಿ. ಬಿಸಿಲು ಬೀಳುವ ಗೋಡೆಗೆ ಹಾಕಬೇಡಿ, ಮಾಸಿದರೆ ಕೆಲವು ದಿನ ಕತ್ತಲಲ್ಲಿಡಿ, ಗಾಳಿಯಾಡಿದರೆ ನೀಲಿ ಬಹುಪಾಲು ವಾಪಸ್ ಬರುತ್ತದೆ. ಆ ಸೋಡಾ ಅನ್ನುವ ಪದ ಓದುವಾಗ ನೆನಪಾಯಿತು. ನೀಲನಕ್ಷೆಯಲ್ಲಿ ತಪ್ಪಾದಾಗ ಎಂಜಿನಿಯರುಗಳು ಮಾಡುತ್ತಿದ್ದದ್ದು ಅದನ್ನೇ. ಸೋಡಾ ನೀರಲ್ಲಿ ಪೆನ್ನು ಅದ್ದಿ ನೀಲಿಯ ಮೇಲೆ ಗೆರೆ ಎಳೆದರೆ ನೀಲಿ ಸತ್ತು ಬಿಳಿ ಗೆರೆ ಉಳಿಯುತ್ತದೆ. ಹಿಂದಿನ ದಿನ ನಮ್ಮ ಹತ್ತಾರು ಪ್ರಿಂಟು ಹಾಳು ಮಾಡಿದ ಕ್ಷಾರವೇ.

ಅರ್ಧ ಲೋಟ ಬೆಚ್ಚನೆ ನೀರಿಗೆ ಒಂದು ಚಮಚ ವಾಷಿಂಗ್ ಸೋಡಾ ಕರಗಿಸಿದೆ. ಮೊದಲು ಹಾಳಾದ ಪ್ರಿಂಟಿನ ಮೇಲೆ ಅಭ್ಯಾಸ. ಪ್ರಿಂಟ್ ಹಸಿಯಿದ್ದರೆ ಗೆರೆ ಹರಡುತ್ತದೆ, ಒಣಗಲಿ ಕಾಯಿ ಅಂದೆ. ಅವನು ಕಾದ, ಅರ್ಧ ಗಂಟೆಯಲ್ಲಿ ಹತ್ತು ಸಲ ಮುಟ್ಟಿ ನೋಡಿದ. ಕೊನೆಗೆ ಸಣ್ಣ ಬ್ರಷ್ಷಿನ ತುದಿ ಅದ್ದಿ, ಲೋಟದ ಅಂಚಿಗೆ ಒರೆಸಿ, ಮುಂದಿನ ಗೋಡೆಯ ಪಕ್ಕ ಬಾಗಿಲು ತೆರೆಯುವ ಕಮಾನು ಎಳೆದ. ಒಂದು ಕ್ಷಣ ಬರೀ ಒದ್ದೆ ಗೆರೆ. ಆಮೇಲೆ ಅಂಚಿನಿಂದ ನೀಲಿ ಕರಗಿ, ತಿಳಿ ಹಳದಿಯಾಗಿ, ತೊಳೆದಾಗ ಹೆಚ್ಚುಕಡಿಮೆ ಬಿಳಿಯಾಯಿತು. ಬಾಗಿಲಿನ ಜಾಗದಲ್ಲಿ ಗೋಡೆಯ ಬಿಳಿ ಗೆರೆ ಹಾಗೇ ಇತ್ತು, ಅದನ್ನು ನೀಲಿ ಪೆನ್ಸಿಲಿನಿಂದ ಮುಚ್ಚಿದ.

ಗೆರೆ ಸ್ವಲ್ಪ ಹರಡಿತ್ತು. ಬಾಗಿಲು ಅವನು ಅಂದುಕೊಂಡದ್ದಕ್ಕಿಂತ ದೊಡ್ಡದೇ ಆಯಿತು.

"ಪರವಾಗಿಲ್ಲ ಅಕ್ಕ," ಅಂದ, "ನಾಯಿನೂ ಇಲ್ಲಿಂದ್ಲೇ ಬರಬಹುದು."